ಕೈಗೆ ಒಗ್ಗಿದ ಪಿಸ್ತೂಲು

ಪಿಸ್ತೂಲು ಕೊಳ್ಳಲು ಬಂದವರಿಗೆ ನಾನು ಮೊದಲು ಹೇಳುವುದು, ಕೈ ತೊಳೆದುಕೊಂಡು ಬನ್ನಿ ಎಂದು. ಅಂಗಡಿಯ ಬಾಗಿಲ ಬಳಿ ಒಂದು ಹಂಡೆ ನೀರು, ಒಂದು ಬಟ್ಟಲು ಸೀಗೆಪುಡಿ ಇಟ್ಟಿದ್ದೇನೆ. ಎಣ್ಣೆಯೋ ಹಿಟ್ಟೋ ಸುಣ್ಣವೋ ಮೆತ್ತಿದ ಕೈಯ ಅಳತೆ ಸರಿಯಾಗಿ ಸಿಗುವುದಿಲ್ಲ. ತೊಳೆದ ಕೈಯನ್ನು ನನ್ನ ಅಂಗೈಯಲ್ಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎನ್ನುವುದು ಅರ್ಧ ಗೊತ್ತಾಗಿಬಿಡುತ್ತದೆ. ಉಳಿದರ್ಧಕ್ಕೆ ಒಂದು ಪ್ರಶ್ನೆ ಕೇಳುತ್ತೇನೆ: ಯಾರನ್ನು ಕರೆಯಬೇಕು? ಅಪ್ಪನೂ ಹೀಗೇ ಕೇಳುತ್ತಿದ್ದ, ಅವನಪ್ಪನೂ ಹೀಗೇ ಕೇಳುತ್ತಿದ್ದನಂತೆ.

ನಮ್ಮೂರು ಬಂಡೆಯ ಮೇಲಿದೆ. ಕೆಳಗೆ ಬಯಲು, ಬಯಲು ದಾಟಿದರೆ ಉಪ್ಪಿನ ಗಾಡಿಗಳು ಓಡಾಡುವ ದಾರಿ. ಆ ದಾರಿ ಎಲ್ಲೆಲ್ಲಿಗೆ ಹೋಗುತ್ತದೋ ಹೋದವರಿಗೇ ಗೊತ್ತು. ಊರು ಬಿಟ್ಟವರಿಗೆ ಕಾಗದ ಬರೆದರೆ ತಲುಪುವುದಿಲ್ಲ, ಆಳು ಕಳಿಸಿದರೆ ಆಳೂ ಅತ್ತಲೇ ಉಳಿದುಬಿಡುತ್ತಾನೆ. ತಲುಪುವುದು ಪಿಸ್ತೂಲಿನ ಈಡು ಒಂದೇ. ಹೊತ್ತು ಮುಳುಗುವಾಗ ಊರವರೆಲ್ಲ ಪಡುವಣ ಗೋಡೆ ಹತ್ತಿ ನಿಲ್ಲುತ್ತೇವೆ. ಗುಂಡು ಹಾಕುವುದಿಲ್ಲ, ಬರೀ ಮದ್ದು ತುಂಬುತ್ತೇವೆ. ದೂರ ಇರುವವರ ಹೆಸರನ್ನು ಮನಸ್ಸಿನಲ್ಲಿ ಹಿಡಿದು ಆಕಾಶಕ್ಕೆ ಒಂದು ಈಡು ಹಾರಿಸುತ್ತೇವೆ. ಪಿಸ್ತೂಲು ಕೈಗೆ ಒಗ್ಗಿದ್ದರೆ ಆ ಸದ್ದು ಯಾರಿಗಾಗಿ ಹಾರಿಸಿದ್ದೋ ಅವರ ಕಿವಿಗೆ, ಅವರು ಎಲ್ಲೇ ಇರಲಿ, ಹೋಗಿ ಮುಟ್ಟುತ್ತದೆ. ಹಾಗೆ ಮುಟ್ಟಿದ ಈಡು ಹಾರಿಸಿದವರಿಗೆ ಮಾತ್ರ ಕೇಳಿಸುವುದಿಲ್ಲ. ಪಕ್ಕದವರು ಬೆಚ್ಚಿ ಕಿವಿ ಮುಚ್ಚಿಕೊಂಡರೂ ಹಾರಿಸಿದವರಿಗೆ ಹೊಗೆ ಕಾಣುತ್ತದೆ, ಪಿಸ್ತೂಲು ಕೈಯನ್ನು ಒದೆಯುತ್ತದೆ, ಅಷ್ಟೇ. ನಮ್ಮವರು ಅದಕ್ಕೆ 'ಈಡು ಹೋಯಿತು' ಎನ್ನುತ್ತಾರೆ.

ತನ್ನ ಈಡು ತನಗೇ ಕೇಳಿಸಿತೆಂದರೆ ಹೋಗಲಿಲ್ಲ ಎಂದರ್ಥ. ಅದಕ್ಕೆ ಕಾರಣ ಎರಡೇ. ಒಂದೋ ಪಿಸ್ತೂಲು ಕೈಗೆ ಒಗ್ಗಿಲ್ಲ, ಇಲ್ಲವೇ ಕೇಳಬೇಕಾದವರು ಇಲ್ಲ. ನಾನು ಕೈ ನೋಡಿ ಕೊಟ್ಟ ಪಿಸ್ತೂಲು ಮೂರು ಸಂಜೆ ಸದ್ದು ಮಾಡಿದರೆ ಆ ಮನೆಯವರು ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಪಿಸ್ತೂಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮುಂದಿಡುತ್ತಾರೆ. ನಾನು ಏನೂ ಕೇಳುವುದಿಲ್ಲ. ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಎಡಗೋಡೆಗೆ ತೂಗುಹಾಕುತ್ತೇನೆ. ಬಲಗೋಡೆಯಲ್ಲಿ ಹೊಸವು, ಎಡಗೋಡೆಯಲ್ಲಿ ಇವು. ಎಡಗೋಡೆಯದರ ಬೆಲೆ ಹೊಸದರ ಕಾಲುಭಾಗ. ಆದರೂ ಅತ್ತ ನೋಡುವವರು ಕಡಿಮೆ.

ಕಾಶವ್ವ ಅಂಗಡಿಗೆ ಬಂದದ್ದು ಒಂದು ಮುಂಜಾನೆ, ಬಳೆಯ ಮಲಾರ ಹೆಗಲಿಗೇರಿಸಿಕೊಂಡು. ಊರಿಗೆಲ್ಲ ಬಳೆ ಇಡುವವಳು ಅವಳೇ. ಬಾಯಿ ಜೋರು, ಮನಸ್ಸು ಮೆತ್ತಗೆ. ಅವಳ ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಗಂಟೊಂದಿತ್ತು. ಬಟ್ಟೆ ಬಿಳಿಯದು. 

"ವಾಪಸ್ ಕೊಡಾಕ ಬಂದಿಯೇನವ್ವಾ?" ಎಂದು ಮೆಲ್ಲಗೆ ಕೇಳಿದೆ.

"ನಿನ್ನ ಬಾಯಾಗ ಹುಳ ಬೀಳ್ಲಿ, ಫಕೀರಣ್ಣ! ಮನ್ಯಾಗ ಬ್ಯಾರೆ ಅರಿವಿ ಸಿಗಲಿಲ್ಲ, ಇದ್ರಾಗ ಸುತ್ಕೊಂಡ್ ಬಂದೀನಿ. ಆರು ವರ್ಷಾತು, ಈ ಹಾಳಾದ್ದು ದಿನಾ ಢಂ ಅಂತೈತಿ. ಏನಾಗೈತಿ ನೋಡಿದಕ್ಕ."

ಬಿಚ್ಚಿದೆ. ಹಿತ್ತಾಳೆಯ ಕಟ್ಟು ಹಾಕಿದ, ಉದ್ದ ನಳಿಕೆಯ, ದಪ್ಪ ಹಿಡಿಯ ಪಿಸ್ತೂಲು. ಕಾಶವ್ವನ ತಾಯಿಯದು. ಆ ಅವ್ವನನ್ನು ನಾನು ಕಂಡಿದ್ದೆ. ಬೀಸುಕಲ್ಲನ್ನು ಒಬ್ಬಳೇ ಎತ್ತಿ ಒಳಮನೆಯಿಂದ ಪಡಸಾಲೆಗೆ ತಂದಿಡುತ್ತಿದ್ದ ಹೆಂಗಸು. ಅವಳ ಕೈಗಾಗಿ ನನ್ನಪ್ಪನೇ ಮಾಡಿಸಿಕೊಟ್ಟಿದ್ದ. ಪಿಸ್ತೂಲಿಗೆ ಏನೂ ಆಗಿರಲಿಲ್ಲ.

"ಯಾರನ್ನ ಕರೀತಿ?"

"ಗೊತ್ತಿಲ್ಲದಾವ್ರಂಗ ಕೇಳ್ತಿಯಲ್ಲ. ನನ್ ತಂಗಿ ಮಾಳವ್ವನ್ನ."

ಗೊತ್ತಿತ್ತು. ಆದರೆ ಆ ಪ್ರಶ್ನೆಗೆ ಉತ್ತರವನ್ನು ಅವರ ಬಾಯಿಂದಲೇ ಕೇಳಬೇಕು, ಇದು ನಮ್ಮ ಅಂಗಡಿಯ ರೂಢಿ. ಅವ್ವ ತೀರಿಕೊಂಡ ಮೇಲೆ ಅಕ್ಕತಂಗಿಯರಿಗೆ ಜಗಳವಾದದ್ದು ಇದೇ ಪಿಸ್ತೂಲಿಗಾಗಿ. ಹಿರಿಯಳು ನಾನು, ನನಗೇ ಸೇರಬೇಕು ಎಂದು ಕಾಶವ್ವ ಹಟ ಹಿಡಿದಳು. "ಹಂಗಾರ ಅವ್ವಾನೂ ನಿನಗಷ್ಟ ಅವ್ವ ಏನು?" ಎಂದು ಕೇಳಿ ಮಾಳವ್ವ ಉಪ್ಪಿನ ಗಾಡಿ ಹತ್ತಿದಳು. ಅವಳನ್ನು ವಾಪಸು ಕರೆಯಲು ಕಾಶವ್ವ ಆರು ವರ್ಷದಿಂದ ಹಾರಿಸುತ್ತಿದ್ದದ್ದು ಅದನ್ನೇ.

ಇದು ನಮ್ಮೂರವರ ಹಳೆಯ ಕೆಟ್ಟ ಚಾಳಿ. ಸತ್ತವರ ಪಿಸ್ತೂಲಿನಲ್ಲಿ ಸತ್ತವರ ಕಸುವು ಉಳಿದಿರುತ್ತದೆ ಎಂದುಕೊಳ್ಳುತ್ತಾರೆ. ದೊಡ್ಡ ಪಿಸ್ತೂಲಾದರೆ ದೂರ ಹೋಗುತ್ತದೆ ಎಂದುಕೊಳ್ಳುತ್ತಾರೆ. ಕಣ್ಣಿಗೆ ಚೆಂದ ಕಂಡದ್ದನ್ನು, ಗಂಡನ ಕೈಗೆ ಕೂತದ್ದನ್ನು, ನೆರೆಮನೆಯವರಿಗೆ ಒಗ್ಗಿದ್ದನ್ನು ತಂದುಕೊಂಡು ವರ್ಷಗಟ್ಟಲೆ ಗೋಡೆಯ ಮೇಲೆ ನಿಂತು ತಮ್ಮ ಕಿವಿಯನ್ನು ತಾವೇ ಕೆಡಿಸಿಕೊಳ್ಳುತ್ತಾರೆ. ನಾನು ಕಾಶವ್ವನಿಗೆ ಕೈ ತೊಳೆಯಲು ಹೇಳಿದೆ.

ಅವಳ ಕೈ ಚಿಕ್ಕದು. ಅಂಗೈ ಅಗಲ, ಬೆರಳು ಗಿಡ್ಡ. ಹೆಬ್ಬೆರಳು, ತೋರುಬೆರಳ ತುದಿಯ ತುಂಬ ಒಡೆದ ಬಳೆಯ ಚೂರು ತಾಗಿ ಆದ ಸಣ್ಣ ಗೀರುಗಳು. ಅವ್ವನ ಪಿಸ್ತೂಲನ್ನು ಅವಳ ಕೈಗೇ ಕೊಟ್ಟು ಹಿಡಿದು ತೋರಿಸು ಎಂದೆ. ಈಡು ಹಾರಿಸಲು ಎಳೆಯುವ ಕುದುರೆಯ ಮೇಲೆ ಬೆರಳಿಡಬೇಕಾದರೆ ಇಡೀ ಹಿಡಿಯನ್ನು ಒಂದು ಬದಿಗೆ ಜಾರಿಸಿಕೊಳ್ಳುತ್ತಿದ್ದಳು. ಹಾಗೆ ಜಾರಿಸಿದಾಗ ಮಣಿಕಟ್ಟು ಸೊಟ್ಟಗಾಗುತ್ತಿತ್ತು, ನಳಿಕೆಯ ಭಾರಕ್ಕೆ ಕೈ ಸಣ್ಣಗೆ ನಡುಗುತ್ತಿತ್ತು.

"ಇದು ನಿಂದಲ್ಲ ಕಾಶವ್ವ. ಇದು ನಿಮ್ಮವ್ವನ ಕೈಗೆ ಮಾಡಿದ್ದು."

"ಅವ್ವನ್ದಂದ್ರ ನಂದಲ್ಲೇನು?"

"ನಿಮ್ಮವ್ವನ ಸೀರಿ ಉಡಬೌದು, ಆಕಿ ಬಂಗಾರ ಹಾಕ್ಕೋಬೌದು. ಆಕಿ ಕೈ ಎಲ್ಲಿಂದ ತರ್ತಿ?"

  ಅವಳು ಅವ್ವನ ಪಿಸ್ತೂಲನ್ನು ಹಲಗೆಯ ಮೇಲಿಟ್ಟು ಬಲಗೋಡೆಯ ಹೊಸ ಪಿಸ್ತೂಲುಗಳ ಬೆಲೆ ಕೇಳಿದಳು. ಹೇಳಿದೆ. "ಅಷ್ಟಕ್ಕ ನಾ ಊರಿನ ಹೆಂಗಸರಿಗೆಲ್ಲ ಮೊಳಕೈತನಕ ಬಳಿ ಇಡಬೇಕಾಗ್ತೈತಿ" ಎಂದಳು. ಆಮೇಲೆ ಕಣ್ಣು ತಾನಾಗಿಯೇ ಎಡಗೋಡೆಗೆ ಹೋಯಿತು, ಹೋದಷ್ಟೇ ಬೇಗ ಹಿಂದಕ್ಕೆ ಬಂತು.

"ಅವು ಬ್ಯಾಡ ತಗಿ. ಅವು ಇಲ್ಲದಾವ್ರನ್ನ ಕರದ ಪಿಸ್ತೂಲು."

"ಪಿಸ್ತೂಲಿಗೆ ಯಾರ ಹೆಸರೂ ನೆನಪಿರಂಗಿಲ್ಲ. ಅದಕ್ಕ ಕೈ ಒಂದ ಗೊತ್ತು. ನೀ ಹಿಡದು ನೋಡು, ಬ್ಯಾಡಂದ್ರ ಬಿಡು."

ಮೊದಲು ಕೊಟ್ಟದ್ದು ಗಿಡ್ಡ ನಳಿಕೆಯ ಹಗುರದ್ದು. ಹಗುರವಾದದ್ದು ಸುಲಭ ಎಂದು ಎಲ್ಲರೂ ಮೋಸಹೋಗುತ್ತಾರೆ, ಅವಳೂ ಹಿಗ್ಗಿದಳು. ಹಿತ್ತಿಲಿಗೆ ಕರೆದೊಯ್ದು ಚಿಟಿಕೆ ಮದ್ದು ಹಾಕಿ ಹಾರಿಸಲು ಹೇಳಿದೆ. ಹಗುರ ಪಿಸ್ತೂಲು ಕತ್ತೆಯ ಹಾಗೆ ಒದೆಯುತ್ತದೆ. "ಅಯ್ಯಯ್ಯ!" ಎಂದು ಕೈ ಝಾಡಿಸಿಕೊಂಡಳು. ಎರಡನೆಯದರ ಹಿಡಿ ದಪ್ಪವಾಯಿತು. ಮೂರನೆಯದು ಕೈತುಂಬ ಕೂತಿತು, ಬೆರಳೂ ಮುಟ್ಟಿತು, ಆದರೆ ಕುದುರೆ ಬಿಗಿ. ಗೀರು ಬಿದ್ದ ಬೆರಳಿಂದ ಎಳೆಯುವಾಗ ಮುಖ ಹಿಂಡಿದಳು. ದಿನಾ ನೋಯಿಸುವ ಪಿಸ್ತೂಲನ್ನು ಯಾರೂ ದಿನಾ ಹಾರಿಸುವುದಿಲ್ಲ. ಮೊದಲು ಎರಡು ದಿನಕ್ಕೊಮ್ಮೆ ಎನ್ನುತ್ತಾರೆ, ಆಮೇಲೆ ಹಬ್ಬಕ್ಕೊಮ್ಮೆ ಎನ್ನುತ್ತಾರೆ. ಅದನ್ನೂ ತೂಗುಹಾಕಿದೆ.

ನಾಲ್ಕನೆಯದು ಹೂಗಾರ ಚೆನ್ನವ್ವ ಮೂರು ವರ್ಷದ ಹಿಂದೆ ಮರಳಿಸಿದ್ದು. ನೋಡಲು ಏನೂ ಇಲ್ಲ. ಬೇವಿನ ಕಟ್ಟಿಗೆಯ ಹಿಡಿ, ನಳಿಕೆಯ ಮೇಲೆ ಒಂದು ಕಪ್ಪು ಕಲೆ. ಕಾಶವ್ವನ ಅಂಗೈಯಲ್ಲಿಟ್ಟೆ. ಅವಳ ಕಿರುಬೆರಳು ಎಲ್ಲಿಗೂ ನೇತಾಡದೆ ಹಿಡಿಯ ತುದಿಗೆ ಬಂದು ನಿಂತಿತು. ತೋರುಬೆರಳ ಮೊದಲ ಗೆಣ್ಣು ಸೀದಾ ಕುದುರೆಯ ಮೇಲೆ ಹೋಗಿ ಕೂತಿತು. ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ನಾನು ಏನೂ ಹೇಳಬೇಕಾಗಲಿಲ್ಲ.

"ಬಳಿ ಕೈಯಾಗ ಸರಿಯಾಗಿ ಕುಂತಾಗ ಹೆಣ್ಮಕ್ಕಳು ಉಸಿರು ಬಿಡ್ತಾರ ನೋಡು, ಹಂಗ ಆತು" ಎಂದಳು. ಆಮೇಲೆ ಅವ್ವನ ಪಿಸ್ತೂಲಿನ ಹಿಡಿಯನ್ನು ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಇದನ್ನ ಇಟ್ಕೊಂಡು ಅದನ್ನ ಕೊಡ್ತಿಯೇನು?" ಎಂದಳು. ಜಗಳವಾಡಿ ಗೆದ್ದದ್ದನ್ನು, ಅದಕ್ಕಾಗಿ ತಂಗಿಯನ್ನು ಕಳೆದುಕೊಂಡದ್ದನ್ನು ಹೀಗೆ ನನ್ನ ಮುಂದೆ ಇಟ್ಟು ನಿಂತಳು. ನಾನು ತೆಗೆದುಕೊಂಡೆ.

ಹೊರಡುವಾಗ ನನ್ನ ಬೆನ್ನ ಹಿಂದಿನ ಮೊಳೆಗೆ ನೇತುಹಾಕಿದ್ದ ಪಿಸ್ತೂಲು ಅವಳ ಕಣ್ಣಿಗೆ ಬಿತ್ತು. "ಅದ್ಯಾರ್ದು?"

"ನಂದು."

"ನಿಮ್ಮಪ್ಪನ ಕೈಯಾಗ ಅದನ್ನ ನೋಡಿದ ನೆನಪು."

"ಹೊತ್ತಾಗೈತಿ, ನಡಿ ಇನ್ನ. ಗಿರಾಕಿ ಬರ್ತಾರ" ಎಂದೆ. ಅಂದು ಇನ್ನಾವ ಗಿರಾಕಿಯೂ ಬರುವುದಿರಲಿಲ್ಲ.

ಆ ಸಂಜೆ ಗೋಡೆಯ ಮೇಲೆ ಕಾಶವ್ವ ನನಗಿಂತ ಹತ್ತು ಹೆಜ್ಜೆ ಆಚೆ ನಿಂತಿದ್ದಳು. ಹೊತ್ತು ಬಯಲಿನಂಚಿಗೆ ಇಳಿಯಿತು. ಒಂದೊಂದಾಗಿ ಈಡುಗಳು ಹಾರತೊಡಗಿದವು. ಅವಳೂ ಕೈಯೆತ್ತಿದಳು, ಢಮ್ಮೆಂದಿತು, ನಮಗೆಲ್ಲ ಕೇಳಿಸಿತು. ಅವಳು ಮಾತ್ರ ಕೈ ಇಳಿಸದೆ ಹಾಗೇ ನಿಂತಿದ್ದಳು. ಆಮೇಲೆ ಪಿಸ್ತೂಲನ್ನು ತಿರುಗಿಸಿ ನೋಡಿದಳು, ನನ್ನ ಕಡೆ ತಿರುಗಿ, "ಫಕೀರಣ್ಣ, ಹಾರಿತೇನು ಇದು? ಮದ್ದು ಹಸಿ ಆಗಿರಬೇಕು ನೋಡು" ಎಂದು ಕೂಗಿದಳು. ಅಕ್ಕಪಕ್ಕದ ಹೆಂಗಸರು ನಕ್ಕರು. "ಹೋತು ಕಾಶವ್ವ, ಹೋತು! ನಿನ್ ಈಡು ಹೋತು!" ಎಂದರು. ಅವಳಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದದ್ದೇ ಗೋಡೆಯ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. "ಅದಾಳ. ನನ್ನ ಮಾಳಿ ಅದಾಳ" ಎಂದು ಒಂದೇ ಮಾತನ್ನು ಹೇಳುತ್ತಿದ್ದಳು.

ಆ ಗದ್ದಲದಲ್ಲಿ ನಾನೂ ನನ್ನ ಈಡು ಹಾರಿಸಿದೆ. ಎಂದಿನಂತೆ ನನ್ನ ಕಿವಿಯಲ್ಲಿ ಢಮ್ಮೆಂದಿತು. ಎಂದಿನಂತೆ ನನಗೆ ಸಮಾಧಾನವಾಯಿತು.

ಈ ಸಮಾಧಾನದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿ ರಾಚವ್ವ ಮನೆ ಬಿಟ್ಟು ಹನ್ನೊಂದು ವರ್ಷ. ನಮ್ಮಲ್ಲಿ ಜಗಳವೇನೂ ಆಗಿರಲಿಲ್ಲ. ಜಗಳವಾಡಲು ಇಬ್ಬರು ಮಾತಾಡಬೇಕು, ನಾನು ಮಾತಾಡುತ್ತಲೇ ಇರಲಿಲ್ಲ. ಬೆಳಗಿನಿಂದ ಸಂಜೆತನಕ ಊರವರ ಕೈ ಹಿಡಿದು ಕೂತಿರುತ್ತಿದ್ದೆ, ಮನೆಗೆ ಹೋದರೆ ಉಂಡು ಗೋಡೆಗೆ ಒರಗುತ್ತಿದ್ದೆ. ಒಂದು ದಿನ ಅವಳು ಗಂಟು ಕಟ್ಟಿಕೊಂಡು ಅಂಗಡಿಯ ಬಾಗಿಲಿಗೆ ಬಂದು ನಿಂತಳು. "ಊರಾಗಿನ ಕೈಯೆಲ್ಲಾ ನೋಡಿದ್ರಿ. ಒಂದ್ ದಿನಾನೂ ನನ್ನ ಕೈ ನೋಡ್ಲಿಲ್ಲ" ಎಂದಳು. ನಾನು ಗಿರಾಕಿಯ ಕೈ ಬಿಡದೆ, "ಸಂಜಿಗೆ ಮಾತಾಡೂಣು" ಎಂದೆ. "ಸಂಜಿಗೆ ಕರೀರಿ. ಕೇಳಿದ್ರ ಬರ್ತೀನಿ" ಎಂದು ಹೋದಳು. ಅಂದು ನಾನು ಗೋಡೆ ಹತ್ತಿದಾಗ ಉಪ್ಪಿನ ಗಾಡಿಗಳು ಬಯಲು ದಾಟಿದ್ದವು.

ಆ ಸಂಜೆಯೇ ನನ್ನ ಕೈಗೆ ಒಗ್ಗುವುದೊಂದನ್ನು ಹುಡುಕಿಕೊಳ್ಳಬಹುದಿತ್ತು. ಹುಡುಕಲಿಲ್ಲ. ಮೊಳೆಗೆ ನೇತಾಡುತ್ತಿದ್ದ ಅಪ್ಪನ ಪಿಸ್ತೂಲನ್ನು ತೆಗೆದುಕೊಂಡು ಹೋದೆ. ನನ್ನದು ನೀಳ ಬೆರಳಿನ ಒಣಕಲು ಕೈ, ಅಪ್ಪನದು ಗುದ್ದಲಿ ಹಿಡಿಯುವವನ ಕೈ. ಅದು ನನಗೆ ಒಗ್ಗುವುದಿಲ್ಲವೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಊರಲ್ಲಿ ಯಾರೂ ಇರಲಿಲ್ಲ. ತಿಳಿದೇ ಅದನ್ನು ಹಿಡಿದೆ. ಯಾಕೆಂದರೆ ಒಗ್ಗಿದ ಪಿಸ್ತೂಲು ಹಾರಿಸಿ, ಈಡು ಹೋಗಿ, ಅವಳು ಬರದಿದ್ದರೆ? ಕೇಳಿಯೂ ಬರಲಿಲ್ಲ ಎನ್ನುವುದನ್ನು ಇಟ್ಟುಕೊಂಡು ಹೇಗೆ ಬದುಕುವುದು? ಒಗ್ಗಿದ ಪಿಸ್ತೂಲು ಮೂರು ಸಂಜೆ ಸದ್ದು ಮಾಡಿಬಿಟ್ಟರೆ? ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಯಾವ ಅಂಗಡಿಗೆ ಒಯ್ಯುವುದು? ಅಪ್ಪನ ಪಿಸ್ತೂಲು ಹಿಡಿದರೆ ಈ ಎರಡರ ಭಯವೂ ಇರಲಿಲ್ಲ. ದಿನಾ ಕೇಳಿಸುತ್ತಿತ್ತು. ಅವಳಿಗೆ ಇನ್ನೂ ಮುಟ್ಟಿಲ್ಲ, ಮುಟ್ಟಿದರೆ ಬಂದೇ ಬರುತ್ತಾಳೆ ಎಂದುಕೊಂಡು ಮನೆಗೆ ಹೋಗಿ ಉಣ್ಣುತ್ತಿದ್ದೆ. ಯಾರಾದರೂ ಕೇಳಿದರೆ, ಕೈ ನೋಡುವವನು ತನ್ನ ಕೈ ತಾನೇ ನೋಡಿಕೊಳ್ಳಬಾರದು, ಅಪ್ಪ ಇದ್ದಿದ್ದರೆ ನೋಡುತ್ತಿದ್ದ ಎಂದು ಹೇಳಲು ಒಂದು ನೆಪವೂ ಇತ್ತು. ಯಾರೂ ಕೇಳಿರಲಿಲ್ಲ.

ಕಾಶವ್ವನ ಈಡು ದಿನವೂ ಹೋಗುತ್ತಿತ್ತು. ಮೊದಮೊದಲು ಅವಳು ಗಾಡಿ ಬಂದಾಗಲೆಲ್ಲ ಬಳೆ ಇಡುವುದನ್ನು ಅರ್ಧಕ್ಕೇ ಬಿಟ್ಟು ಊರಬಾಗಿಲಿಗೆ ಓಡುತ್ತಿದ್ದಳು. ಒಂದು ಗಾಡಿ ಬಂತು, ಎರಡು ಬಂತು, ಆರು ಬಂತು. ಮಾಳವ್ವ ಇಳಿಯಲಿಲ್ಲ. ನಲವತ್ತು ದಿನವಾಯಿತು. ಊರವರು ಅವಳ ಮುಂದೆ ತಂಗಿಯ ಮಾತು ಎತ್ತುವುದನ್ನು ನಿಲ್ಲಿಸಿದರು. ನಾನು ಒಳಗೊಳಗೇ, ನೋಡಿದೆಯಾ, ಇದಕ್ಕೇ ನಾನು ಹೆದರಿದ್ದು ಎಂದುಕೊಂಡೆ. ಅಪ್ಪನ ಪಿಸ್ತೂಲನ್ನು ಒರೆಸಿ ಮೊಳೆಗೆ ಹಾಕುವಾಗ ನಾನೇ ಜಾಣ ಎನಿಸಿತ್ತು.

ಒಂದು ಮಧ್ಯಾಹ್ನ ಅವಳು ಮದ್ದು ಕೊಳ್ಳಲು ಬಂದಳು. ಒಂದು ತಿಂಗಳಿಗಾಗುವಷ್ಟು ಕೇಳಿದಳು. ಕಟ್ಟಿಕೊಡುತ್ತ, "ಮಾಳವ್ವ ಬರಲಿಲ್ಲಲ್ಲ" ಎಂದೆ.

"ಬರಲಿಲ್ಲ" ಎಂದು ಮಲಾರ ಇಳಿಸಿ ಹೊಸ್ತಿಲ ಮೇಲೆ ಕೂತಳು. "ಬರ್ತಾಳೋ ಇಲ್ಲೋ. ಆದ್ರ ಆಕಿ ಎಲ್ಲೋ ರೊಟ್ಟಿ ಬಡಕೋತ ಕುಂತಿರ್ತಾಳ, ಸಂಜಿ ಆಗ್ತೈತಿ, ಕೇಳಿಸ್ತೈತಿ. ಅಕ್ಕ ಕರ್ಯಾಕತ್ತಾಳ ಅಂತ ಗೊತ್ತಾಗ್ತೈತಿ. 'ಕರೀಲಿ ಹಾಳಾದಾಕಿ' ಅಂತ ಬೈತಾಳೋ ಏನೋ. ಬೈಲಿ. ದಿನಾ ನನ್ನ ಹೆಸರು ಹಿಡದು ಬೈತಾಳಲ್ಲ, ಅಷ್ಟ ಸಾಕು ನಂಗ."

"ಇದಕ್ಕಿಂತ ಗೊತ್ತಾಗದಿದ್ರ ಚಲೋ ಇತ್ತಲ್ಲ ಕಾಶವ್ವ? ಅವ್ವನ ಪಿಸ್ತೂಲಿದ್ದಾಗ ಒಂದು ಆಸೆನರ ಇತ್ತು."

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಬೆನ್ನ ಹಿಂದಿನ ಮೊಳೆ ನೋಡಿದಳು, ಎದ್ದು ಹತ್ತಿರ ಬಂದಳು. "ಕೈ ಕೊಡಿಲ್ಲಿ" ಎಂದಳು.

ಬೇಡವೆನ್ನುವ ಮೊದಲೇ ಹಿಡಿದುಕೊಂಡಿದ್ದಳು. ಬಳೆ ಇಡುವವರು ಕೈ ಹಿಡಿಯುವ ರೀತಿ ಬೇರೆ. ಹೆಬ್ಬೆರಳ ಬುಡವನ್ನು ಒತ್ತಿ, ಬೆರಳುಗಳನ್ನು ಒಂದರೊಳಗೊಂದು ಮಡಿಸಿ, ಗೆಣ್ಣು ಎಲ್ಲಿ ತಡೆಯುತ್ತದೆಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲರು. ಹನ್ನೊಂದು ವರ್ಷದಲ್ಲಿ ನನ್ನ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ. ಇನ್ನೊಂದು ಕೈಯಿಂದ ಅವಳು ಮೊಳೆಯ ಪಿಸ್ತೂಲನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಹಿಡಿ ಎರಡು ಬೆರಳು ದಪ್ಪ ಐತಿ" ಎಂದಳು. "ಬಳಿ ಇಡಾಕಿಗೇ ಇದು ಗೊತ್ತಾತು. ಕೈ ನೋಡೂದು ನಿನ್ನ ಕಸುಬು, ನಿನಗ ಗೊತ್ತಾಗಿಲ್ಲೇನು?"

ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಮೊದಲಿನಿಂದಲೂ ಬಂದ ವಿದ್ಯೆ. ಆದರೆ ಅವಳು ಕೈ ಬಿಡಲಿಲ್ಲ. ಕೊನೆಗೆ ಹೇಳಿದೆ. ಬರದಿದ್ದರೆ ಎನ್ನುವ ಭಯ, ಇಲ್ಲವೇ ಇಲ್ಲದಿದ್ದರೆ ಎನ್ನುವ ಭಯ, ದಿನದ ಢಂ ಸದ್ದು, ಅದರ ಸಮಾಧಾನ, ಎಲ್ಲ ಹೇಳಿಬಿಟ್ಟೆ. ಹೇಳಿ ಮುಗಿಸುವಾಗ ಅವಳು ನಾಲ್ಕು ಒಳ್ಳೆಯ ಮಾತಾಡಿ ಸಂತೈಸುತ್ತಾಳೆ ಎಂದುಕೊಂಡಿದ್ದೆ.

"ಮತ್ತ ಆಕಿ?" ಎಂದಳು ಕಾಶವ್ವ. "ಕೇಳಿದ್ರ ಬರ್ತೀನಿ ಅಂತ ಹೇಳಿ ಹೋದಾಕಿ, ಹನ್ನೊಂದು ವರ್ಷ ಸಂಜಿ ಆದ್ರ ಕಿವಿ ಕೊಟ್ಟು ಕುಂತಿರ್ತಾಳಲ್ಲೋ. ಬಾಜೂದಾವ್ರಿಗೆ ಈಡು ಬರ್ತೈತಿ, ಆಕಿಗೆ ಇಲ್ಲ. ಏನಂದ್ಕೊಂಡಿರಬೇಕು? ಒಂದ್ ಸಲಾನೂ ಕರೀಲಿಲ್ಲ ಅಂತ ಅಂದ್ಕೊಂಡಿರ್ತಾಳ. ನಾ ಆರು ವರ್ಷ ತಿಳೀದ ಮಾಡಿದೆ. ನೀ ತಿಳದು ಮಾಡಿದಿ, ಫಕೀರಣ್ಣ."

ಹನ್ನೊಂದು ವರ್ಷ ನಾನು ನನ್ನ ಕಿವಿಯ ಬಗ್ಗೆಯೇ ಯೋಚಿಸಿದ್ದೆ. ಅವಳ ಕಿವಿ ನನ್ನ ತಲೆಗೆ ಬಂದೇ ಇರಲಿಲ್ಲ. ಯಾವುದೋ ಊರಿನ ಯಾವುದೋ ಜಗಲಿಯ ಮೇಲೆ, ಕೈಕೆಲಸ ಬದಿಗಿಟ್ಟು, ಹೊತ್ತು ಮುಳುಗುವ ದಿಕ್ಕಿಗೆ ಮುಖ ಮಾಡಿ ಕೂತ ರಾಚವ್ವ ಕಣ್ಣಿಗೆ ಕಟ್ಟಿದಳು.  ಅಲ್ಲೇ ಹಲಗೆಯ ಮೇಲೆ ಕೂತೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕಾಶವ್ವ ಹಂಡೆ ತೋರಿಸಿದಳು. "ಕೈ ತೊಳ್ಕೋ."

ಮೊದಲು ತನ್ನ ಅವ್ವನ ಪಿಸ್ತೂಲನ್ನೇ ಎಡಗೋಡೆಯಿಂದ ತೆಗೆದು ನನ್ನ ಕೈಗಿಟ್ಟಳು. ಅದು ನನಗೆ ಒಗ್ಗಿದರೆ ದಿನಾ ಸಂಜೆ ಪಡುವಣ ಗೋಡೆಯ ಮೇಲೆ ಅದನ್ನು ನೋಡಬಹುದಲ್ಲ ಎನ್ನುವ ಆಸೆ ಅವಳಿಗೆ. ಒಗ್ಗಲಿಲ್ಲ. "ಹೋಗ್ಲಿ ಬಿಡು" ಎಂದು ನಿಟ್ಟುಸಿರು ಬಿಟ್ಟು ಅಲ್ಲೇ ಹಾಕಿದಳು. ನಾನು ಗಿರಾಕಿಗಳಿಗೆ ಹೇಳುವುದನ್ನೆಲ್ಲ ಅವಳು ನನಗೇ ಹೇಳತೊಡಗಿದಳು. ಹಗುರ ಬ್ಯಾಡ, ಒದಿತೈತಿ. ಬೆರಳು ಚಾಚಬ್ಯಾಡ, ಅದ ಬಂದು ಮುಟ್ಟಬೇಕು. ಚೆಂದ ನೋಡಬ್ಯಾಡ. ಒಂದೇ ದಿನದಲ್ಲಿ ಕಲಿತದ್ದನ್ನು ಇಷ್ಟು ನೆನಪಿಟ್ಟಿದ್ದಳು. ಏಳು ಪಿಸ್ತೂಲು ಹಿಡಿಸಿದಳು. ಎಂಟನೆಯದು ಮೂಲೆಯಲ್ಲಿ ನೇತಾಡುತ್ತಿದ್ದ, ಹಿಡಿ ಸೀಳಿದ್ದಕ್ಕೆ ನಾನೇ ಸೆಣಬಿನ ದಾರ ಸುತ್ತಿದ್ದ ಒಂದು ಕುರೂಪಿ. ಎಂಟು ವರ್ಷದಿಂದ ಅದನ್ನು ಯಾರೂ ಕೇಳಿರಲಿಲ್ಲ. ತಿಂಗಳಿಗೊಮ್ಮೆ ಎಣ್ಣೆ ಹಾಕುವಾಗ ಮಾತ್ರ ನಾನು ಅದನ್ನು ಮುಟ್ಟುತ್ತಿದ್ದೆ, ಮುಟ್ಟಿದಷ್ಟೇ ಬೇಗ ತೂಗುಹಾಕುತ್ತಿದ್ದೆ. ಯಾಕೆ ಅಷ್ಟು ಅವಸರವೆಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ಅದು ನನ್ನ ಅಂಗೈಯಲ್ಲಿ ಕೂತಿತು. ಕಾಶವ್ವ ನೋಡಿದಳು, ನಾನೂ ನೋಡಿದೆ. ನನ್ನ ಬೆರಳು ಕುದುರೆಯ ಮೇಲಿತ್ತು, ಅದನ್ನು ನಾನು ಅಲ್ಲಿಗೆ ಒಯ್ದಿರಲಿಲ್ಲ.

"ಎಷ್ಟಕ್ಕ ಕೊಡ್ತಿ ಇದನ್ನ?" ಎಂದು ನನ್ನ ಪರವಾಗಿ ನನ್ನನ್ನೇ ಕೇಳಿದಳು. "ಭಾಳ ಹೇಳಬ್ಯಾಡ, ದಾರ ಸುತ್ತಿದ್ದೈತಿ."

ನನಗೆ ನಗು ಬಂತು, ನಗುತ್ತಿದ್ದ ಹಾಗೆಯೇ ಕಣ್ಣಲ್ಲಿ ನೀರು ಬಂತು.

ಆ ಸಂಜೆ ಗೋಡೆ ಹತ್ತಿದೆ. ಕಾಶವ್ವ ಪಕ್ಕದಲ್ಲೇ ಬಂದು ನಿಂತಳು. ಹೊತ್ತು ಇಳಿಯಿತು, ಅಲ್ಲೊಂದು ಇಲ್ಲೊಂದು ಈಡು ಹಾರಿತು. ಮದ್ದು ತುಂಬಿದೆ. ಬರದಿದ್ದರೂ ಸರಿ, ಬೈದರೂ ಸರಿ, ನಾನು ಕರೆದೆ ಎನ್ನುವುದು ಅವಳಿಗೆ ಮುಟ್ಟಿದರೆ ಸಾಕು ಎಂದು ಬೇಡಿಕೊಂಡೆ. ಇರಲಿ, ಅವಳು ಎಲ್ಲಿಯಾದರೂ ಇರಲಿ. ರಾಚವ್ವ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಗೇ ಬಂದುಬಿಟ್ಟಿತು. ಕುದುರೆ ಎಳೆದೆ.

ಪಿಸ್ತೂಲು ಕೈಯನ್ನು ಒದೆಯಿತು. ಹೊಗೆ ಎದ್ದು ಗಾಳಿಗೆ ಬಲಕ್ಕೆ ವಾಲಿತು. ಗೋಡೆಯ ಸಂದಿನಲ್ಲಿದ್ದ ಪಾರಿವಾಳಗಳು ಒಮ್ಮೆಲೇ ಮೇಲೆದ್ದವು. ಕಾಶವ್ವ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ನನಗೆ ಏನೂ ಕೇಳಿಸಲಿಲ್ಲ.

ಕಾಶವ್ವ ಏನೋ ಹೇಳುತ್ತಿದ್ದಳು, ಹೆಂಗಸರು ಏನೋ ಕೂಗುತ್ತಿದ್ದರು. ನಾನು ಆ ಹೊಗೆ ಕರಗುವವರೆಗೂ ಪಡುವಣಕ್ಕೆ ನೋಡುತ್ತ ನಿಂತಿದ್ದೆ. ಎಲ್ಲೋ ಅವಳು ತಲೆ ಎತ್ತಿರುತ್ತಾಳೆ ಎನಿಸಿತು. ಅದು ಸಂತೋಷವೋ ಸಂಕಟವೋ ಹೇಳಲಾರೆ.

ಇಳಿಯುವಾಗ ಕಾಶವ್ವನನ್ನು ಕೇಳಿದೆ: "ಒಂದು ಡಜನ್ ಹಸಿರು ಬಳಿ ತಗದಿಡ್ತಿಯೇನು? ಆಕಿ ಬಂದ್ರ ಇರ್ಲಿ."

"ಇಡ್ತೀನಿ. ಅಳತಿ ಎಷ್ಟು?"

ನಾನು ನಿಂತುಬಿಟ್ಟೆ. ಈ ಊರಿನ ಪ್ರತಿಯೊಂದು ಕೈ ನನಗೆ ಬಾಯಿಪಾಠ. ಸತ್ತುಹೋದವರ ಕೈಗಳೂ ನೆನಪಿವೆ. ಹದಿನಾಲ್ಕು ವರ್ಷ ನನಗೆ ಉಣಬಡಿಸಿದ ಕೈ ಎಷ್ಟಿತ್ತು, ಅದರ ಬೆರಳು ನೀಳವೋ ಗಿಡ್ಡವೋ, ಎಷ್ಟು ನೆನೆದರೂ ನೆನಪಾಗಲಿಲ್ಲ. ಕಾಶವ್ವನಿಗೆ ತಿಳಿಯಿತು. ಅವಳು ಬೈಯಲಿಲ್ಲ. ಮಲಾರದೊಳಗೆ ಕೈಯಾಡಿಸಿ ಒಂದೇ ಒಂದು ಬಳೆ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಎರಡೂಕಾಲು" ಎಂದಳು. "ಸಣ್ಣ ಕೈ. ಬಳಿ ಇಡುವಾಗ ಹೆಬ್ಬೆರಳ ಬುಡದಾಗ ಚೂರು ತಡೀತಿತ್ತು. ಆದ್ರ ಒಂದ್ ಸಲಾನೂ ನೋವಾತು ಅಂದಾಕಿ ಅಲ್ಲ."

ಬಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನನ್ನ ನಾಲ್ಕು ಬೆರಳು ಕೂಡ ಸಲೀಸಾಗಿ ಅದರೊಳಗೆ ಹೋಗಲಿಲ್ಲ. ಇಷ್ಟೇ ಇತ್ತು ಅವಳ ಕೈ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನು ಒಡೆಯದ ಹಾಗೆ ಹಿಡಿದುಕೊಂಡು ನಡೆದೆ.

ಮರುದಿನ ಸಂಜೆ ಅದನ್ನು ಎಡಗೈಯಲ್ಲಿಟ್ಟುಕೊಂಡು ಗೋಡೆ ಹತ್ತಿದೆ. ಬಲಗೈಯಲ್ಲಿ ದಾರ ಸುತ್ತಿದ ಪಿಸ್ತೂಲಿತ್ತು. ಅಂದೂ ನನಗೆ ಏನೂ ಕೇಳಿಸಲಿಲ್ಲ.